ಕೂತು ಮಾಡುವ ಕೆಲಸಕ್ಕೊಂದು ಚಡ್ಡಿ

ಇವನ ಕಾಲಲ್ಲಿ ಚಕ್ರವಿದೆ ಎಂದು ನೀರಿನ ಇಲಾಖೆಯಲ್ಲಿ ಯಾರೋ ಒಮ್ಮೆ ಅಂದದ್ದು ಹಾಗೇ ಅಂಟಿಕೊಂಡು, ಅವನು ಎಲ್ಲರ ಬಾಯಲ್ಲೂ ಚಕ್ರಣ್ಣನಾಗಿಬಿಟ್ಟಿದ್ದ. ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡಿ ಬರೆದುಕೊಂಡು ಬರುವುದು ಅವನ ಕೆಲಸ. ಬೆಳಿಗ್ಗೆ ಹೆಗಲಿಗೆ ಚೀಲ ಏರಿಸಿ ಹೊರಟನೆಂದರೆ ಸಂಜೆ ಬಂದು ಚಪ್ಪಲಿ ಬಿಡುವವರೆಗೆ ಎಲ್ಲೂ ಕುಂಡೆ ಊರುತ್ತಿರಲಿಲ್ಲ. ಯಾವ ಮನೆಯ ಮೀಟರ್ ಮೆಟ್ಟಿಲ ಕೆಳಗಿದೆ, ಯಾವುದರ ಮೇಲೆ ಹೂಕುಂಡ ಇಟ್ಟು ಮುಚ್ಚಿದ್ದಾರೆ, ಯಾವ ಗೇಟಿನ ನಾಯಿ ಬರೀ ಬೊಗಳುತ್ತದೆ, ಯಾವುದು ಸದ್ದಿಲ್ಲದೆ ಬಂದು ಮೀನಖಂಡಕ್ಕೇ ಬಾಯಿ ಹಾಕುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಐವತ್ತು ದಾಟಿದ್ದರೂ ಕಾಲುಗಳು ಹುರಿಗಟ್ಟಿದ್ದವು. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿತ್ತು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೀಗಿರುವಾಗ ಊರಿಗೆ ಹೊಸ ಮೀಟರುಗಳು ಬಂದವು. ತಮ್ಮ ಲೆಕ್ಕ ತಾವೇ ಮಾಡಿಕೊಂಡು ಕಚೇರಿಗೆ ಕಳಿಸುವಂಥವು. ಇನ್ನು ಅವುಗಳನ್ನು ನೋಡಲು ಮನುಷ್ಯನ ಕಣ್ಣು ಬೇಡವಾಯಿತು. ಇಲಾಖೆ ಯಾರನ್ನೂ ಮನೆಗೆ ಕಳಿಸಲಿಲ್ಲ, ಅಷ್ಟು ಪುಣ್ಯ. ಬೀದಿ ಸುತ್ತುತ್ತಿದ್ದವರನ್ನೆಲ್ಲ ಒಳಗಿನ ಕೆಲಸಗಳಿಗೆ ಹಂಚಿದರು. ಚಕ್ರಣ್ಣನ ಪಾಲಿಗೆ ಬಂದದ್ದು ದೂರು ಕೇಳುವ ಕೋಣೆ.

ಅದು ಹಿಂದೆ ಪೈಪು, ನಲ್ಲಿ, ವಾಲ್ವು ತುಂಬಿಡುತ್ತಿದ್ದ ಉಗ್ರಾಣ. ಈಗ ಗೋಡೆಗೆ ಬಿಳಿ ಬಣ್ಣ ಹೊಡೆದು ಸಾಲಾಗಿ ಮೇಜು ಹಾಕಿದ್ದರು. ಒಬ್ಬೊಬ್ಬರಿಗೆ ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್, ಒಂದು ಕಪ್ಪು ರೆಕ್ಸಿನ್ ಕುರ್ಚಿ. ಸ್ವಂತ ಮೊಬೈಲನ್ನು ಬಾಗಿಲ ಪಕ್ಕದ ಡ್ರಾಯರಿನಲ್ಲಿಟ್ಟು ಬರಬೇಕು. ಊಟದ ಹೊತ್ತು ಬಿಟ್ಟರೆ ಇಡೀ ದಿನ ಕೂತೇ ಇರಬೇಕು.

ಮಾತಿನ ಕೆಲಸ ಅವನಿಗೆ ಹಿಡಿಸಿತು. ಯಾರೋ ಫೋನಿನಲ್ಲಿ, "ನಮ್ಮದು ಮೂಲೆ ಮನೆ, ನೀಲಿ ಗೇಟು," ಎಂದು ಶುರುಮಾಡುವಷ್ಟರಲ್ಲೇ, "ಹಿಂದೆ ಪೇರಲೆ ಮರ ಇದೆಯಲ್ಲ, ಆ ಮನೇನಾ?" ಎಂದು ಇವನು ಕೇಳುತ್ತಿದ್ದ. ಆ ಕಡೆಯವರು ಬೈಯಲೆಂದು ಫೋನ್ ಮಾಡಿದವರು ಮೆತ್ತಗಾಗಿ, ಇವನ ಕ್ಷೇಮ ವಿಚಾರಿಸಿ ಫೋನ್ ಇಡುತ್ತಿದ್ದರು. ಬಾಯಿ ಸುಖವಾಗಿತ್ತು, ಕಿವಿ ಸುಖವಾಗಿತ್ತು. ಕಷ್ಟವೆಲ್ಲ ಕೆಳಗಿತ್ತು.

ಮೊದಮೊದಲು ಅವನು ಅದನ್ನು ಕುರ್ಚಿಯ ದೋಷವೆಂದುಕೊಂಡ. ಒಂದು ಗಂಟೆ ಕೂತರೆ ಹೊಟ್ಟೆಯ ಸುತ್ತ ಎಲಾಸ್ಟಿಕ್ ಕಚ್ಚುತ್ತಿತ್ತು. ಇನ್ನೊಂದು ಗಂಟೆಗೆ ತೊಡೆಸಂದಿನಲ್ಲಿ ಹೊಲಿಗೆ ಕೂಡುವ ಕಡೆ ಹುರಿಯೊಂದು ಒತ್ತಿದಂತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರು, ಉರಿ, ನವೆ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಒಂದು ಕಾಲನ್ನು ಮಡಚಿ ಅಡಿಗಿಟ್ಟುಕೊಂಡ. ಏನು ಮಾಡಿದರೂ ಅಷ್ಟೇ. ನೀರು ಕುಡಿಯುವ ನೆಪದಲ್ಲಿ ಏಳುವುದು, ನೀರು ಕುಡಿದದ್ದಕ್ಕೆ ಮತ್ತೆ ಏಳುವುದು, ಹೀಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡತೊಡಗಿದ. ಪಕ್ಕದ ಮೇಜಿನವನು, ಮೊದಲು ವಾಲ್ವು ತಿರುಗಿಸುವ ಕೆಲಸದಲ್ಲಿದ್ದವನು, ಒಮ್ಮೆ ಕೇಳಿಯೂ ಕೇಳಿದ.

"ಏನ್ ಚಕ್ರಣ್ಣ, ಸಕ್ಕರೆ ಕಾಯಿಲೆ ಚೆಕ್ ಮಾಡಿಸಿದ್ದೀಯಾ?"

"ಹ್ಞೂಂ, ಮಾಡಿಸ್ಬೇಕು," ಎಂದು ಇವನು ಹಾರಿಕೆಯ ಉತ್ತರ ಕೊಟ್ಟ. ಚಡ್ಡಿ ಕಚ್ಚುತ್ತಿದೆ ಎಂದು ನಾಲ್ಕು ಜನರ ನಡುವೆ ಹೇಗೆ ಹೇಳುವುದು?

ಒಂದು ದಿನ ಮೇಲ್ವಿಚಾರಕಿ ಅವನನ್ನು ತಮ್ಮ ಕೋಣೆಗೆ ಕರೆಸಿದರು. ವಯಸ್ಸಿನಲ್ಲಿ ಇವನಿಗಿಂತ ಎಷ್ಟೋ ಚಿಕ್ಕವರು, ಆದರೆ ನಗುವಿನ ಮಟ್ಟಿಗೆ ಭಾರೀ ಜಿಪುಣರು. ಒಬ್ಬ ವಯಸ್ಸಾದ ಹೆಂಗಸು ದೂರು ಕೇಳುವವರ ಮೇಲೇ ದೂರು ಕೊಟ್ಟಿದ್ದರಂತೆ.

"ನಲ್ಲೀಲಿ ನೀರಿಲ್ಲ ಅಂತ ಹೇಳಿದ್ರೆ ಆ ಮನುಷ್ಯ 'ಉಸ್ಸಪ್ಪಾ' ಅಂದ. ನಮ್ಮ ಕಷ್ಟ ಕೇಳೋಕೆ ಅವನಿಗೆ ಅಷ್ಟು ಬೇಜಾರಾ ಅಂತ ಕೇಳಿದ್ದಾರೆ," ಎಂದರು ಮೇಲ್ವಿಚಾರಕಿ. "ರೆಕಾರ್ಡಿಂಗ್ ಕೇಳಿದೆ. ನೀವು 'ಉಸ್ಸಪ್ಪಾ' ಅಂದಿದ್ದು ನಿಜ."

"ಅವರಿಗೆ ಅಂದಿದ್ದಲ್ಲ ಮೇಡಂ."

"ಮತ್ತೆ ಯಾರಿಗೆ?"

ಹೇಳುವುದು ಹೇಗೆ. ಮಗಳ ವಯಸ್ಸಿನ ಅಧಿಕಾರಿ, ಎದುರಿಗೆ ತೆರೆದ ಬಾಗಿಲು. "ಬೆನ್ನುನೋವು ಮೇಡಂ," ಎಂದುಬಿಟ್ಟ.

ಮೇಲ್ವಿಚಾರಕಿ ಬಿಗಿಯಾಗಿದ್ದರೂ ಕೆಟ್ಟವರಲ್ಲ. ಮಾರನೆಯ ದಿನವೇ ಅವನ ಕುರ್ಚಿಯ ಮೇಲೆ ದಪ್ಪನೆಯ ಸ್ಪಂಜಿನ ದಿಂಬೊಂದು ಬಂದು ಕೂತಿತ್ತು. ಚಕ್ರಣ್ಣ ಧನ್ಯವಾದ ಹೇಳಿ ಅದರ ಮೇಲೆ ಕೂತ. ಅರ್ಧ ಗಂಟೆಯಲ್ಲಿ ಕಾದ ಹಂಚಿನ ಮೇಲೆ ಕೂತಂತಾಯಿತು. ಏಳುವಂತಿಲ್ಲ, ಅಷ್ಟು ಕಾಳಜಿಯಿಂದ ಕೊಟ್ಟದ್ದನ್ನು ಬೇಡವೆನ್ನುವಂತೆಯೂ ಇಲ್ಲ. ಅವತ್ತು ಬಂದ ಪ್ರತಿಯೊಂದು ಫೋನಿಗೂ ಅವನು ಹಲ್ಲು ಕಚ್ಚಿಕೊಂಡು ಎಷ್ಟು ಮೃದುವಾಗಿ ಮಾತಾಡಿದನೆಂದರೆ, ವಾಲ್ವಿನವನು ತಿರುಗಿ ತಿರುಗಿ ನೋಡಿದ.

ಸಂಜೆ ಮನೆಗೆ ಬಂದು ಒಳಗೆ ಹೋಗುತ್ತಿದ್ದಾಗ ಹೆಂಡತಿ ಹಿಂದಿನಿಂದ ಕರೆದಳು. ಅವಳು ಬಸ್ ನಿಲ್ದಾಣದಲ್ಲಿ ಪಾಸ್ ಕೊಡುವ ಕಿಟಕಿಯ ಹಿಂದೆ ಕೂರುವವಳು. ಜನ ಏನನ್ನು ಬಚ್ಚಿಡುತ್ತಿದ್ದಾರೆಂದು ಮುಖ ನೋಡಿಯೇ ಹೇಳುವಷ್ಟು ಅಭ್ಯಾಸವಾಗಿತ್ತು.

"ಯಾಕ್ರೀ ಹಾಗೆ ಕಾಲು ಅಗಲಿಸ್ಕೊಂಡು ನಡೀತಿದ್ದೀರಿ?"

"ಏನಿಲ್ಲ."

"ನೀವು ಏನಿಲ್ಲ ಅಂದ್ರೆ ಏನೋ ಇದೆ ಅಂತಾನೇ. ಹೇಳಿ."

ಹೇಳಿದ. ತೋರಿಸಿ ಎಂದಳು, ಬಾಗಿಲು ಹಾಕಿ ತೋರಿಸಿದ. ಹೊಟ್ಟೆಯ ಸುತ್ತ ಕೆಂಪು ಪಟ್ಟಿ, ಬೆಲ್ಟಿನಿಂದ ಬಾರಿಸಿದ ಹಾಗೆ. ತೊಡೆಗಳ ಬುಡದಲ್ಲಿ ಚರ್ಮ ಕಿತ್ತು ಹಸಿಯಾಗಿತ್ತು. ಅವಳು ಅವನು ಬಿಚ್ಚಿಟ್ಟ ಚಡ್ಡಿಯನ್ನು ಎತ್ತಿ, ಒಳಗಿನ ಚೀಟಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಾಳೋ ಎಂದುಕೊಂಡರೆ, ನಗುತ್ತಿದ್ದಳು.

"ಇದು ಯಾವ ಸೈಜು ಗೊತ್ತಾ ನಿಮಗೆ?"

"ತರೋಳು ನೀನು. ನಿನಗೆ ಗೊತ್ತಿರ್ಬೇಕು."

"ಮದುವೆಯಾದ ಹೊಸದರಲ್ಲಿ ನಿಮ್ಮಮ್ಮ ಹೇಳಿದ್ದ ಸೈಜು ರೀ ಇದು. ಅಂಗಡಿಗೆ ಹೋಗೋದು, ಅದೇ ಡಬ್ಬಿ ಅದೇ ನಂಬರ್ ಕೇಳೋದು, ತರೋದು. ನೀವು ಒಂದು ದಿನಾನೂ ಬಿಗಿ ಆಯ್ತು ಅನ್ನಲಿಲ್ಲ."

"ನಡೀವಾಗ ಗೊತ್ತಾಗ್ತಿರಲಿಲ್ಲ ಕಣೇ."

ನಗು ಇಳಿದ ಮೇಲೆ ಅವಳು ಎದ್ದು ಕಪಾಟಿನಿಂದ ಒಂದು ಮುಲಾಮಿನ ಡಬ್ಬಿ ತಂದಳು. ಅದು ಅರ್ಧ ಖಾಲಿಯಾಗಿತ್ತು. ಇಂಥದ್ದೊಂದು ಮನೆಯಲ್ಲಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

"ಇದು ಯಾರದು?"

"ನಂದು. ಕೌಂಟರಿಗೆ ಹಾಕಿದ ಮೊದಲನೇ ಬೇಸಿಗೇಲಿ ನನಗೂ ಹೀಗೇ ಆಗಿತ್ತು. ಎರಡು ತಿಂಗಳು ಸರಿಯಾಗಿ ಕೂರೋಕೂ ಆಗ್ತಿರಲಿಲ್ಲ, ನಿಲ್ಲೋಕೂ ಆಗ್ತಿರಲಿಲ್ಲ."

"ನನಗೆ ಹೇಳಲೇ ಇಲ್ವಲ್ಲ."

"ನೀವು ಈಗ ಹೇಳಿದ್ರಾ? ನಾನು ಕೇಳಿದ ಮೇಲೆ ತಾನೇ ಹೇಳಿದ್ದು," ಎಂದಳು ಅವಳು. ದನಿಯಲ್ಲಿ ಮುನಿಸಿರಲಿಲ್ಲ. "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಗೇ ಆಗಿಹೋಯ್ತು."

ಅವಳು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುವುದನ್ನು ಚಕ್ರಣ್ಣ ನೋಡುತ್ತಿದ್ದ. ನಡುವೆ ಕೂತಿರುತ್ತಾಳೆ ಎಂಬುದು ಅವನಿಗೆ ಸುಖದ ಮಾತಾಗಿತ್ತು. ನಿನಗೇನಮ್ಮ, ಕೂತ ಕಡೆ ಕೆಲಸ ಎಂದು ಎಷ್ಟು ಸಲ ಅಂದಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಈಗ ಅವಳ ಡಬ್ಬಿಯಿಂದಲೇ ಮುಲಾಮು ತೆಗೆದು ಹಚ್ಚಿಕೊಂಡ.

ಊಟದ ಹೊತ್ತಿಗೆ ಅವಳೇ ತೀರ್ಮಾನ ಹೇಳಿದಳು. "ಈ ಸಲ ನೀವೇ ಹೋಗಿ ಆರಿಸ್ಕೊಂಡು ಬನ್ನಿ. ಎಲ್ಲಿ ಕಚ್ಚುತ್ತೆ ಅನ್ನೋದು ನಿಮ್ಮ ಮೈಗೆ ಗೊತ್ತು, ನನಗಲ್ಲ. ಮೇಲಿನ ಚಿತ್ರ ನೋಡಿ ಮರುಳಾಗ್ಬೇಡಿ. ಒಳಮಗ್ಗುಲು ತಿರುವಿ ನೋಡಿ."

ಹುಟ್ಟಿದಾಗಿನಿಂದ ಅವನು ತನ್ನ ಚಡ್ಡಿ ತಾನು ಕೊಂಡವನಲ್ಲ. ಅಮ್ಮ ತರುತ್ತಿದ್ದಳು, ಆಮೇಲೆ ಹೆಂಡತಿ ತಂದಳು. ರಜೆಯ ದಿನ ಬನಿಯನ್ ಅಂಗಡಿಯ ಮುಂದೆ ಎರಡು ಸಲ ಆಚೀಚೆ ನಡೆದು, ಮೂರನೆಯ ಸಲಕ್ಕೆ ಒಳಗೆ ನುಗ್ಗಿದ. ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟಿನ ಅಂಗಡಿ. ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಿಗಳು. ಅಂಗಡಿಯವನು ಕೊರಳಿಗೆ ಅಳತೆ ಟೇಪು ಹಾಕಿಕೊಂಡು ದಾರದ ಗಂಟು ಬಿಡಿಸುತ್ತಿದ್ದವನು, ತಲೆ ಎತ್ತದೆಯೇ ಕೇಳಿದ.

"ಸೈಜು?"

"ಅದೇ ಗೊತ್ತಿಲ್ಲ."

ಅಂಗಡಿಯವನು ತಲೆ ಎತ್ತಿದ. ಟೇಪು ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದ. ಚಕ್ರಣ್ಣ ತನಗೆ ಅರಿವಿಲ್ಲದೆ ಉಸಿರು ಒಳಗೆಳೆದು ಹಿಡಿದಿದ್ದ.

"ಉಸಿರು ಬಿಡಿ ಸಾರ್. ದಿನವಿಡೀ ಹಿಂಗೇ ಹಿಡ್ಕೊಂಡಿರ್ತೀರಾ?"

ಬಿಟ್ಟ. ಟೇಪು ಜಾರಿ ಮುಂದೆ ಹೋಯಿತು. ಆಗ ಅವನಿಗೊಂದು ಯೋಚನೆ ಬಂತು. "ಕೂತು ಅಳತೆ ಕೊಡಬಹುದಾ? ನನ್ನ ಕೆಲಸ ಪೂರಾ ಕೂತು ಮಾಡೋದು."

ಅಂಗಡಿಯವನು ಒಂದು ಗಳಿಗೆ ಯೋಚಿಸಿ, ತಾನು ಕೂತಿದ್ದ ಸ್ಟೂಲನ್ನೇ ಮುಂದೆ ನೂಕಿದ. ಕೂತರೆ ಅಳತೆ ಇನ್ನಷ್ಟು ಏರಿತು. "ಅರೆ, ಹೌದಲ್ಲ," ಎಂದು ಅಂಗಡಿಯವನಿಗೇ ಸೋಜಿಗವಾಯಿತು. ತೊಡೆಯದನ್ನೂ ಅಳೆಯೋಣವೆಂದು ಅವನು ಬಗ್ಗಿದಾಗ ಇಬ್ಬರು ಹೆಂಗಸರು ಒಳಗೆ ಬಂದರು. ಸ್ಟೂಲಿನ ಮೇಲೆ ಕಾಲು ಚಾಚಿ, ತೊಡೆಗೆ ಟೇಪು ಸುತ್ತಿಸಿಕೊಂಡು ಕೂತ ಚಕ್ರಣ್ಣ ನಾಚಿ ನೀರಾದ. ಅವರು ಅವನತ್ತ ನೋಡಲೂ ಇಲ್ಲ. ತಮಗೆ ಬೇಕಾದ್ದನ್ನು ಗಟ್ಟಿದನಿಯಲ್ಲಿ ಕೇಳಿ, ಎಳೆದು ನೋಡಿ, ಬೇಡವೆಂದು ಒಂದನ್ನು ಬಿಸಾಕಿ, ಇನ್ನೊಂದನ್ನು ಕಟ್ಟಿಸಿಕೊಂಡು ಹೊರಟರು. ಅಷ್ಟು ಸಲೀಸಾದ ಕೆಲಸ ಅದು. ಅದನ್ನು ನೋಡಿ ಅವನ ಸಂಕೋಚ ಅರ್ಧ ಇಳಿಯಿತು.

ಆಮೇಲೆ ಅವನು ನಿಧಾನವಾಗಿ ನೋಡತೊಡಗಿದ. ಇಷ್ಟು ವರ್ಷ ಪೈಪುಗಳನ್ನು ನೋಡಿದ ಕಣ್ಣು. ಪೈಪು ನಟ್ಟನಡುವೆ ಒಡೆಯುವುದು ಅಪರೂಪ, ಸೋರುವುದೆಲ್ಲ ಒಂದಕ್ಕೊಂದು ಸೇರುವ ಕಡೆಗಳಲ್ಲಿ. ಚಡ್ಡಿಯಲ್ಲೂ ಅಂಥ ಜಾಗಗಳನ್ನೇ ಹುಡುಕಿದ. ತನ್ನ ಹಳೆಯದರಲ್ಲಿ ನಾಲ್ಕು ಹೊಲಿಗೆಗಳು ಬಂದು ತೊಡೆಸಂದಿನ ಒಂದೇ ಬಿಂದುವಿನಲ್ಲಿ ಗಂಟಾಗುತ್ತಿದ್ದವು. ಒತ್ತುತ್ತಿದ್ದುದೂ ಅಲ್ಲೇ, ಮೊದಲು ಹರಿಯುತ್ತಿದ್ದುದೂ ಅಲ್ಲೇ. ಒಂದೇ ಬಗೆಯದನ್ನು ನಂಬಿ ರಾಶಿ ತರುವುದು ಬೇಡವೆಂದು, ಮೂರು ಬಗೆಯದನ್ನು ಒಂದೊಂದೇ ಕೊಂಡ.

ಮೊದಲನೆಯದು ಬೆಣ್ಣೆಯಂತೆ ಮೆತ್ತಗಿತ್ತು. ಅದನ್ನು ಹಾಕಿಕೊಂಡು ಹೋದ ದಿನ ಅವನು ಗೆದ್ದೆನೆಂದುಕೊಂಡ. ನಾಲ್ಕಾರು ಸಲ ಒಗೆಯುವಷ್ಟರಲ್ಲಿ ಅದರ ಜೀವ ಹೋಯಿತು. ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಅದು ಪ್ಯಾಂಟಿನೊಳಗೆ ಕೆಳಕ್ಕೆ ಹೊರಟಿತು. ಎರಡೂ ಕೈಯನ್ನು ಜೇಬಿಗೆ ತುರುಕಿ, ಒಳಗಿನಿಂದಲೇ ಅದನ್ನು ಹಿಡಿದುಕೊಂಡು, ಎದುರಿಗೆ ಬಂದ ಮೇಲ್ವಿಚಾರಕಿಗೆ ನಮಸ್ಕಾರವನ್ನು ಬರೀ ತಲೆಯಲ್ಲೇ ಮಾಡಿ ದಾಟಿಕೊಂಡ.

ಎರಡನೆಯದು ಹೊಳೆಯುವ ನುಣುಪು ಬಟ್ಟೆಯದು. ಡಬ್ಬಿಯ ಮೇಲೆ ಎದೆಯುಬ್ಬಿಸಿ ನಿಂತ ಯುವಕನ ಚಿತ್ರವಿತ್ತು. ನಿಂತಾಗ ತಣ್ಣಗಿತ್ತು, ಆ ಯುವಕನೂ ನಿಂತೇ ಇದ್ದನಲ್ಲ. ಕೂತರೆ ಬೆವರೆಲ್ಲ ಒಳಗೇ ಉಳಿದು ಅಂಟಂಟಾಯಿತು. ಸಾಲದ್ದಕ್ಕೆ ರೆಕ್ಸಿನ್ನಿನ ಮೇಲೆ ಜಾರಿಕೆ. ಒಂದು ದೂರು ಬರೆದು ಮುಗಿಸುವಷ್ಟರಲ್ಲಿ ಕುರ್ಚಿಯ ತುದಿಗೆ ಬಂದಿರುತ್ತಿದ್ದ.

ಮೂರನೆಯದು ನೋಡಲು ಚೆನ್ನಾಗಿರಲಿಲ್ಲ. ಬೂದಿ ಬಣ್ಣ, ಅರ್ಧ ತೊಡೆಯವರೆಗೆ ಬರುವ ಉದ್ದ, ಒಂದಿಷ್ಟು ಮಾತ್ರ ಎಳೆಯುವ ಗಟ್ಟಿ ಹತ್ತಿ ಬಟ್ಟೆ. ಸೊಂಟದ ಎಲಾಸ್ಟಿಕ್ ಅಗಲವಾಗಿತ್ತು, ಅದರ ಮೇಲೆ ಬಟ್ಟೆಯ ಹೊದಿಕೆಯಿತ್ತು. ಹೊಲಿಗೆಗಳು ಉಬ್ಬದೆ ಚಪ್ಪಟೆಯಾಗಿ ಮಲಗಿದ್ದವು. ತೊಡೆಸಂದಿಗೆ ಬೇರೆಯೇ ಒಂದು ಅಗಲದ ತುಂಡು ಕೂಡಿಸಿದ್ದರಿಂದ ಅಲ್ಲಿ ಗಂಟೇ ಇರಲಿಲ್ಲ. ಅದನ್ನು ಹಾಕಿಕೊಂಡ ದಿನ ಏನಾಯಿತೆಂದರೆ, ಏನೂ ಆಗಲಿಲ್ಲ. ಊಟದ ಡಬ್ಬಿ ತೆಗೆಯುವಾಗ ವಾಲ್ವಿನವನು ಹೇಳಿದ ಮೇಲೆಯೇ ಅವನಿಗೆ ಗೊತ್ತಾದದ್ದು.

"ಏನ್ ಚಕ್ರಣ್ಣ, ಇವತ್ತು ಕೂತಲ್ಲಿಂದ ಎದ್ದೇ ಇಲ್ಲ ನೀನು?"

"ಹೌದಾ?" ಎಂದ ಚಕ್ರಣ್ಣ. ನಿಜ, ಎದ್ದಿರಲಿಲ್ಲ.

ಆದರೂ ಮೊದಲನೆಯದು ಕಲಿಸಿದ ಪಾಠವಿತ್ತು. ತಿಂಗಳುಗಟ್ಟಲೆ ಅದನ್ನೇ ಒಗೆದು, ಒಣಗಿಸಿ, ಮತ್ತೆ ಹಾಕಿದ. ಕುದಿಯುವ ನೀರು ತಾಗಿಸಬೇಡಿ, ಬಿಸಿಲಿಗಿಂತ ನೆರಳು ಮೇಲು, ಎಲಾಸ್ಟಿಕ್ ಹಿಡಿದು ಹಿಂಡಬೇಡಿ ಎಂದು ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು ಹೇಳಿಕೊಟ್ಟಳು. ಎಳೆದು ಬಿಟ್ಟರೆ ಅದು ಮೊದಲಿನ ದಿನದಂತೆಯೇ ಪಟಕ್ಕನೆ ಹಿಂದಕ್ಕೆ ಬರುತ್ತಿತ್ತು. ಸರಿ, ಇನ್ನು ಇದೇ, ಎಂದ.

ಇಷ್ಟರಲ್ಲಿ ಅವನ ಗಾಯ ಮಾಗಿತ್ತು. ಹೆಂಡತಿ ಒಂದು ಮಧ್ಯಾಹ್ನ ತನ್ನ ಊಟದ ಬಿಡುವಿನಲ್ಲಿ ಅದೇ ಅಂಗಡಿಗೆ ಹೋದಳು. ಒಟ್ಟಿಗೆ ಆರು ತಂದುಬಿಡೋಣವೆಂದುಕೊಂಡವಳಿಗೆ ಅಲ್ಲಿ ಅನುಮಾನ ಬಂತು. ಗಂಡನ ಮೊಬೈಲ್ ಡ್ರಾಯರಿನಲ್ಲಿರುತ್ತದೆ. ಆದರೆ ದೂರಿನ ನಂಬರ್ ಊರಿಗೆಲ್ಲ ಗೊತ್ತಿರುವುದೇ. ಅದಕ್ಕೇ ಫೋನ್ ಮಾಡಿ, ಎತ್ತಿದವರಿಗೆ ಚಕ್ರಣ್ಣನನ್ನು ಕೊಡಿ ಎಂದಳು.

"ನಮಸ್ಕಾರ, ನೀರಿನ ದೂರು ವಿಭಾಗ. ಹೇಳಿ," ಎಂದ ಇವನು.

"ನಾನ್ರೀ."

"ಯಾಕೆ, ನೀರು ಬರ್ತಿಲ್ವಾ?"

"ನೀರಲ್ಲ, ಚಡ್ಡಿ. ಅಂಗಡೀಲಿದ್ದೀನಿ. ಬೂದಿ ಬಣ್ಣದ್ದು ಎರಡೇ ಇದೆಯಂತೆ, ಮಿಕ್ಕಿದ್ದು ಕಂದು. ಆಗುತ್ತಾ?"

"ಬಣ್ಣ ಯಾರು ನೋಡ್ತಾರೆ? ತೊಡೆಸಂದಿನ ತುಂಡು ಇದೆಯಾ ನೋಡು. ಅದಿಲ್ಲದೆ ಇದ್ರೆ ಮತ್ತೆ ಹುಣ್ಣಾಗುತ್ತೆ. ಸೈಜು ಕೂತಾಗಿನದು ಹೇಳು, ನಿಂತಾಗಿನದಲ್ಲ. ನನ್ನ ಕಷ್ಟ ನಿನಗೆ ಗೊತ್ತಲ್ಲ, ಆ ಅಜ್ಜಿ ಹತ್ರ ಉಸ್ಸಪ್ಪಾ ಅಂದು ಮಾನ ಹೋಗಿತ್ತು."

"ಗೊತ್ತು ಗೊತ್ತು. ಎಳೆದು ನೋಡ್ತಿದ್ದೀನಿ. ಗಟ್ಟಿಯಾಗಿದೆ."

"ಹಾಗಾದ್ರೆ ಆರೂ ತಗೋ," ಎಂದು ತೃಪ್ತಿಯಿಂದ ಫೋನ್ ಇಟ್ಟ. ಇಟ್ಟ ಮೇಲೆ ಅವನಿಗೆ ನೆನಪಾಯಿತು. ಆ ಕೋಣೆಯಲ್ಲಿ ಆಡಿದ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ.

ತಿಂಗಳ ಕೊನೆಗೆ ಕೆಲವು ಕರೆಗಳನ್ನು ಆರಿಸಿ ಕೇಳುವ ಪದ್ಧತಿಯಿತ್ತು. ತನ್ನದು ಸಿಕ್ಕಲಾರದು ಎಂದು ಚಕ್ರಣ್ಣ ಸಮಾಧಾನ ಮಾಡಿಕೊಂಡ. ಸಿಕ್ಕಿತು. ಮೇಲ್ವಿಚಾರಕಿ ಕರೆಸಿದಾಗ ಅವರ ಮುಖ ಎಂದಿಗಿಂತ ಬಿಗಿಯಾಗಿತ್ತು. ಕಂಪ್ಯೂಟರಿನ ಗುಂಡಿ ಒತ್ತಿದರು. "ನೀರಲ್ಲ, ಚಡ್ಡಿ" ಎಂಬ ಹೆಂಡತಿಯ ದನಿ ಕೋಣೆಯಲ್ಲೆಲ್ಲ ಮೊಳಗಿತು. ಚಕ್ರಣ್ಣನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಕಣ್ಣೆತ್ತಿ ನೋಡಿದರೆ ಮೇಲ್ವಿಚಾರಕಿಯ ಮುಖ ಬಿಗಿದದ್ದು ಸಿಟ್ಟಿನಿಂದಲ್ಲ; ನಗು ತಡೆದು ತಡೆದು ಕೆಂಪಾಗಿತ್ತು. ತಡೆದದ್ದು ಒಡೆದುಹೋಯಿತು. ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣೊರೆಸಿಕೊಂಡು ಎದ್ದು ಬಾಗಿಲು ಹಾಕಿ ಬಂದರು.

"ಬೆನ್ನುನೋವು ಅಂದ್ರಲ್ಲ ಚಕ್ರಣ್ಣ."

"ಏನಂತ ಹೇಳಲಿ ಮೇಡಂ."

"ಆ ದಿಂಬು?"

"ತಪ್ಪು ತಿಳೀಬೇಡಿ. ಅದು ಒಲೆ ಇದ್ದ ಹಾಗಿತ್ತು."

ಅವರು ಮತ್ತೆ ನಕ್ಕರು. ಆಮೇಲೆ ತಮ್ಮ ಕುರ್ಚಿಯ ಮೇಲಿದ್ದ ಅಂಥದೇ ದಿಂಬನ್ನು ಎತ್ತಿ ಮೂಲೆಗೆ ಇಟ್ಟರು. "ನಾನೂ ಎರಡು ವರ್ಷದಿಂದ ಕುರ್ಚೀನೇ ಬೈತಾ ಇದ್ದೆ," ಎಂದು ಮತ್ತೆ ಕೂತು ಕೇಳಿದರು, "ಆ ಅಂಗಡೀಲಿ ಹೆಂಗಸರದ್ದೂ ಇರುತ್ತಾ?"

"ನಮ್ಮ ಮನೆಯವಳ ಹತ್ರ ಮಾತಾಡಿ ಮೇಡಂ. ಅವಳಿಗೆ ನನಗಿಂತ ಜಾಸ್ತಿ ಗೊತ್ತು."

ಅವರಿಬ್ಬರೂ ಮಾತಾಡಿದರು, ಅದೂ ಬಹಳ ಹೊತ್ತು. ಏನು ಮಾತಾಡಿದರೆಂದು ಚಕ್ರಣ್ಣ ಕೇಳಲಿಲ್ಲ. ಅಜ್ಜಿಯ ದೂರಿನ ವಿಷಯ ಅಲ್ಲಿಗೇ ಮುಗಿಯಿತು. ರೆಕ್ಸಿನ್ ಕುರ್ಚಿಗಳು ಹೋಗಿ ಗಾಳಿಯಾಡುವ ಬಲೆಯ ಕುರ್ಚಿಗಳು ಬಂದವು. ನಿಂತುಕೊಂಡು ಫೋನ್ ತೆಗೆಯಲೂ ಅಡ್ಡಿಯಿಲ್ಲ ಎಂದಾಯಿತು. ವಿಷಯ ಹೇಗೋ ಹೊರಬಿದ್ದು, ವಾಲ್ವಿನವನು ಊಟದ ಹೊತ್ತಿಗೆ ತಗ್ಗಿದ ದನಿಯಲ್ಲಿ ಬಂದು ತೊಡೆಸಂದಿನ ತುಂಡಿನ ವಿಚಾರ ಕೇಳಿದ. ಚಕ್ರಣ್ಣ ದನಿ ತಗ್ಗಿಸದೆ ವಿವರವಾಗಿ ಹೇಳಿದ. ಸುತ್ತಲಿದ್ದವರು ನಗುತ್ತಲೇ ಕಿವಿ ಇತ್ತ ಕೊಟ್ಟಿದ್ದರು.

ಒಂದು ದಿನ ಅವನಿಗೆ ಬೇಗ ಬಿಡುವಾಯಿತು. ಮನೆಗೆ ಹೋಗುವ ಬದಲು ಬಸ್ ನಿಲ್ದಾಣಕ್ಕೆ ಹೋದ. ಹೆಂಡತಿಯ ಕಿಟಕಿಯನ್ನು ಹೊರಗಿನಿಂದ ಎಷ್ಟೋ ಸಲ ನೋಡಿದ್ದ. ಅವತ್ತು ಹಿಂಬಾಗಿಲಿನಿಂದ ಒಳಗೆ ಹೋದ. ಅವಳು ಎತ್ತರದ ಸ್ಟೂಲಿನ ಮೇಲೆ ಬೆನ್ನು ಹಾಕಿ ಕೂತು ಸರಸರನೆ ಪಾಸುಗಳಿಗೆ ಮುದ್ರೆ ಒತ್ತುತ್ತಿದ್ದಳು. ಅವಳ ಪಾದಗಳು ನೆಲಕ್ಕೆ ತಾಗುತ್ತಿರಲಿಲ್ಲ. ಒಂದರ ಮೇಲೊಂದು ಹೆಣೆದುಕೊಂಡು ಗಾಳಿಯಲ್ಲಿ ತೂಗುತ್ತಿದ್ದವು.

"ಕಾಲು ಜೋಮು ಹಿಡಿಯಲ್ವಾ ನಿನಗೆ?" ಎಂದು ಕೇಳಿದ.

ಅವಳು ತಿರುಗಿ ನೋಡಿದಳು. ಇವನು ಅಲ್ಲಿ ನಿಂತದ್ದಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಗೇ ಬೆರಗಾದಂತಿದ್ದಳು. "ಹಿಡಿಯುತ್ತೆ. ಸಂಜೆ ಹೊತ್ತಿಗೆ ಕಾಲಿದೆಯೋ ಇಲ್ವೋ ಅನ್ನೋ ಹಾಗಾಗುತ್ತೆ."

ಚಕ್ರಣ್ಣ ಬಗ್ಗಿ, ಅಂಗೈ ಚಾಚಿ, ಅವಳ ಹಿಮ್ಮಡಿಯಿಂದ ನೆಲಕ್ಕೆ ಎಷ್ಟು ಗೇಣು ಎಂದು ಅಳೆದ. ಕಿಟಕಿಯಾಚೆ ಸಾಲಿನಲ್ಲಿದ್ದ ಮುದುಕರೊಬ್ಬರು ಕತ್ತು ಚಾಚಿ, ಒಳಗೆ ಏನು ಬಿದ್ದುಹೋಯಿತು ಎಂದು ವಿಚಾರಿಸಿದರು. "ಏನೂ ಬಿದ್ದಿಲ್ಲ, ನಮ್ಮನೆಯವರು," ಎಂದು ಅವಳು ಅವರ ಪಾಸಿಗೆ ಮುದ್ರೆ ಒತ್ತಿ ಕೊಟ್ಟಳು.

ಆ ವಾರ ಅವನು ಹಿತ್ತಲಲ್ಲಿ ಕೂತು ಹಲಗೆ ಕೊಯ್ದು ಒಂದು ಕಾಲುಮಣೆ ಮಾಡಿದ. ಪಾದ ಒರಗುವಂತೆ ಮುಂದಕ್ಕೆ ತುಸು ಇಳಿಜಾರು ಕೊಟ್ಟ, ಅಂಚುಗಳನ್ನು ಉಜ್ಜಿ ನಯ ಮಾಡಿದ. ಬೆಳಿಗ್ಗೆ ತಾನೇ ಹೊತ್ತುಕೊಂಡು ಹೋಗಿ ಸ್ಟೂಲಿನ ಕೆಳಗೆ ಇಟ್ಟ. ಅವಳು ಚಪ್ಪಲಿ ಕಳಚಿ ಎರಡೂ ಪಾದ ಅದರ ಮೇಲಿಟ್ಟು, ಬೆರಳುಗಳನ್ನು ಅಗಲಿಸಿ ಊರಿ ನೋಡಿದಳು.

"ಎತ್ತರ ಸಾಕಾ?" ಎಂದು ಕೇಳಿದ.

"ಒಂಚೂರು ಹಿಂದಕ್ಕೆ ತಳ್ಳಿ," ಎಂದಳು. ತಳ್ಳಿದ. "ಹ್ಞಾಂ, ಅಲ್ಲೇ ಇರಲಿ," ಎಂದು ಅವಳು ಕಿಟಕಿಯ ಬಾಗಿಲು ತೆಗೆದಳು. ಆಚೆ ಆಗಲೇ ಜನ ಸೇರಿದ್ದರು.